ಮೇಷ್ಟ್ರ ಕಿವಿ ಪಾಸು ಮಾಡಿದ ಗಾಡಿಗಳು

ಮೋಟಾರ್ ಸೈಕಲ್ ಓಡಿಸುವವರಲ್ಲಿ ಪುಕ್ಕಲರೂ ಇರುತ್ತಾರೆ ಎಂದರೆ ಜನ ನಂಬುವುದಿಲ್ಲ. ಕಿವಿ ಮೇಷ್ಟ್ರನ್ನು ನೋಡಿದವರು ನಂಬುತ್ತಾರೆ. ವಯಸ್ಸು ಐವತ್ತೆರಡು, ಅದರಲ್ಲಿ ಮೂವತ್ತು ವರ್ಷ ಗಾಡಿಯ ಮೇಲೆಯೇ ಕಳೆದದ್ದು. ಆದರೂ ಸ್ಪೀಡೋಮೀಟರಿನ ಮುಳ್ಳು ನಲವತ್ತು ದಾಟಿದರೆ ಅವರ ಬೆನ್ನು ಬೆವರುತ್ತದೆ. ಒದ್ದೆ ಎಲೆ ಕಂಡರೆ ಭಯ. ರಸ್ತೆ ಪಕ್ಕ ಮಲಗಿದ ನಾಯಿ ತಲೆ ಎತ್ತಿದರೆ ಭಯ. ನಿಂತ ಕಾರಿನೊಳಗೆ ಯಾರದೋ ತಲೆ ಕಂಡರೆ, ಆ ತಲೆ ಈಗ ಬಾಗಿಲು ತೆಗೆದೇ ತೆಗೆಯುತ್ತದೆ ಎಂದು ಹತ್ತು ಮಾರು ದೂರದಿಂದಲೇ ಬ್ರೇಕು ಹಿಡಿಯುತ್ತಾರೆ. ಇಷ್ಟು ಹೆದರುವ ಮನುಷ್ಯ ಓಡುವ ಗಾಡಿಯಿಂದ ಒಮ್ಮೆಯೂ ಬಿದ್ದವರಲ್ಲ. ಬೀಳುವುದೆಲ್ಲ ನಿಂತಲ್ಲೇ. ಸೈಡ್ ಸ್ಟ್ಯಾಂಡ್ ಹಾಕಿದ್ದೇನೆ ಎಂದುಕೊಂಡು ಹಾಕದೆ ಇಳಿದು, ಗಾಡಿಯ ಜೊತೆಗೆ ತಾವೂ ಮೆಲ್ಲಗೆ ವಾಲಿ, ಔಷಧಿ ಅಂಗಡಿಯ ಮುಂದೆ ಒಮ್ಮೆ ಬಿದ್ದರು, ಹೆಂಡತಿಯ ಅಣ್ಣನ ಮನೆಯ ಗೇಟಿನ ಮುಂದೆ ಇನ್ನೊಮ್ಮೆ. ಭಾವ ಆ ಕತೆಯನ್ನು ಇಂದಿಗೂ ಬಿಟ್ಟಿಲ್ಲ, ಊಟಕ್ಕೆ ಕೂತಾಗಲೆಲ್ಲ ಉಪ್ಪಿನ ಜೊತೆ ಅದನ್ನೂ ಬಡಿಸುತ್ತಾರೆ.

ಇಂಥವರು ಮೂವತ್ತು ವರ್ಷ ಹೇಗೆ ಗಾಡಿ ಓಡಿಸಿದರು ಎಂದರೆ, ಕಿವಿಯನ್ನು ನಂಬಿ. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಳೆಯ ಮೋಟಾರ್ ಸೈಕಲ್ ಕೊಂಡು ಮಾರುವ ಅಂಗಡಿಯಲ್ಲಿ ಅವರ ಕೆಲಸ. ಬಂದ ಗಾಡಿಯನ್ನೆಲ್ಲ ಕೇಳಿ ನೋಡುವುದು, ಅಷ್ಟೆ. ಮರದ ಹಿಡಿಯ ಉದ್ದನೆ ಸ್ಕ್ರೂ ಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರೆ ಸಾಕು, ಒಳಗೆ ಏನು ಸವೆದಿದೆ, ಏನು ಸಡಿಲವಾಗಿದೆ, ಹಿಂದಿನ ಯಜಮಾನ ಎಷ್ಟು ದಿನ ಆಯಿಲ್ ಬದಲಾಯಿಸದೆ ಓಡಿಸಿದ್ದಾನೆ, ಎಲ್ಲ ಹೇಳುತ್ತಿದ್ದರು. ಸರಿಯಿದ್ದ ಗಾಡಿಯ ಪೆಟ್ರೋಲ್ ಟ್ಯಾಂಕಿನ ಮೇಲೆ ಚಾಕ್‌ಪೀಸಿನಿಂದ ಒಂದು ಸಣ್ಣ ಕಿವಿ ಬರೆಯುತ್ತಿದ್ದರು. ಆ ಗುರುತಿಲ್ಲದ ಗಾಡಿಯನ್ನು ಅಂಗಡಿಯಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. 'ಕಿವಿ ಬಿದ್ದಿದೆಯಾ?' ಎಂದು ಕೇಳಿಕೊಂಡೇ ಒಳಗೆ ಬರುವ ಗಿರಾಕಿಗಳಿದ್ದರು.

ಮನೆಯಲ್ಲೂ ಅದೇ ಹುಚ್ಚು. ಎರಡು ರಟ್ಟಿನ ಬೈಂಡು ಹಾಕಿದ ನೋಟ್‌ಬುಕ್ಕಿನಲ್ಲಿ ತಾವು ಕೇಳಿದ ಪ್ರತಿ ಗಾಡಿಯ ಸದ್ದನ್ನೂ ಬರೆದಿಡುವರು. 'ಟಿಕಿಟಿಕಿ, ಬಿಸಿಯಾದ ಮೇಲೆ ಮಾಯ.' 'ಗೊರಗೊರ, ಮುದುಕ ನಿದ್ದೆಯಲ್ಲಿದ್ದ ಹಾಗೆ.' ಕೊಂಡವರ ಹೆಸರು, ವಿಳಾಸ, ಫೋನ್ ನಂಬರು ಪಕ್ಕದಲ್ಲೇ. ರಜೆಯ ದಿನ ತಮ್ಮ ಇಪ್ಪತ್ತೇಳು ವರ್ಷದ ಗಾಡಿಯ ಕಾರ್ಬುರೇಟರ್ ಬಿಚ್ಚಿ ಅಡುಗೆಮನೆಯ ನೆಲದಲ್ಲಿ ಪೇಪರ್ ಹಾಸಿ ಹರಡಿಕೊಳ್ಳುವರು. ಹೆಂಡತಿ ಅದನ್ನು ದಾಟಿಕೊಂಡೇ ಒಲೆಗೆ ಹೋಗಬೇಕು. ನೆಂಟರು ಬಂದರೆ ಬಾಯಲ್ಲೇ ಎಂಜಿನ್ ಸದ್ದು ಮಾಡಿ ತೋರಿಸುವುದೂ ಉಂಟು. ನೆಂಟರು ಬೇಗ ಎದ್ದು ಹೋಗುವುದಕ್ಕೆ ಅದೇ ಕಾರಣ ಎಂದು ಹೆಂಡತಿಯ ಅನುಮಾನ.

ಹೀಗಿದ್ದ ಮೇಷ್ಟ್ರಿಗೆ ಮೂರು ತಿಂಗಳಿಂದ ಒಂದು ಕಾಟ ಶುರುವಾಗಿತ್ತು. ಇಂಡಿಕೇಟರ್ ಹಾಕಿದರೆ ಪೀಂ ಪೀಂ ಎಂದು ಕೂಗಬೇಕಾದ ಬಜರ್ ಕೂಗುತ್ತಿರಲಿಲ್ಲ. ಎಡಕ್ಕೆ ತಿರುಗಿ ಆದಮೇಲೂ ದೀಪ ಮಿಣುಕುತ್ತಲೇ ಇರುತ್ತಿತ್ತು, ಇವರು ಮೂರು ಬೀದಿ ಹಾಗೇ ಹೋಗುತ್ತಿದ್ದರು. ಹಾಲಿನ ವ್ಯಾನಿನವನು ಪಕ್ಕಕ್ಕೆ ಬಂದು, "ಯಜಮಾನ್ರೇ, ಎಡಕ್ಕೆ ಹೋಗ್ತೀರೋ ಇಲ್ಲ ಬರೀ ಆಸೆ ತೋರಿಸ್ತೀರೋ?" ಎಂದು ಬೈದು ಹೋದ. ಮೇಷ್ಟ್ರು ಬಜರ್ ಬದಲಾಯಿಸಿದರು. ಹೊಸದೂ ಕೂಗಲಿಲ್ಲ. ಮಾರಿದವನ ಹತ್ತಿರ ಹೋಗಿ ಜಗಳವಾಡಿದರು. ಅವನು ಇವರ ಮುಖವನ್ನೇ ಒಂದು ಗಳಿಗೆ ನೋಡಿ, ಮಾತಾಡದೆ ಇನ್ನೊಂದು ಕೊಟ್ಟ. ಮಾತಾಡದೆ ಯಾಕೆ ಕೊಟ್ಟ ಎಂದು ಮೇಷ್ಟ್ರು ಆಗ ಯೋಚಿಸಲಿಲ್ಲ.

ಅಂಗಡಿಯ ವಾರದ ರಜೆಯ ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ಅಡುಗೆಮನೆಯ ಮೇಜಿನ ಮೇಲೆ ಬ್ಯಾಟರಿ ಇಟ್ಟು ಮೂರನೆಯ ಬಜರಿನ ಎರಡು ವೈರುಗಳನ್ನು ತಾಗಿಸಿದರು. ಸದ್ದಿಲ್ಲ. ವೈರನ್ನು ಉಜ್ಜಿ ಮತ್ತೆ ತಾಗಿಸಿದರು. ಸದ್ದಿಲ್ಲ. ಮೂವರು ತಯಾರಕರನ್ನೂ ಅವರ ಅಪ್ಪಂದಿರನ್ನೂ ಸೇರಿಸಿ ಬೈಯುತ್ತ ವೈರನ್ನು ಹಾಗೇ ಒತ್ತಿ ಹಿಡಿದುಕೊಂಡಿದ್ದರು. ಒಳಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ಓಡಿ ಬಂದಳು.

"ನಿಲ್ಸ್ರೀ ಅದನ್ನ! ತಲೆ ಒಡೆದುಹೋಗ್ತಿದೆ. ಒಂದು ಕೂಗಿದ್ದು ಸಾಲ್ದು ಅಂತ ಮೂರು ತಂದಿದ್ದೀರಲ್ಲ!"

ಮೇಷ್ಟ್ರು ಅವಳ ಮುಖ ನೋಡಿದರು, ಬಜರನ್ನು ನೋಡಿದರು. ವೈರು ಬಿಟ್ಟರು. ಅವಳು ಕಿವಿಯಿಂದ ಕೈ ತೆಗೆದಳು. ಮತ್ತೆ ತಾಗಿಸಿದರು. ಅವಳು ಮುಖ ಸಿಂಡರಿಸಿ ಮತ್ತೆ ಕಿವಿ ಮುಚ್ಚಿಕೊಂಡಳು. ಬಜರಿಗೂ ಅವಳಿಗೂ ನಡುವೆ ಏನೋ ನಡೆಯುತ್ತಿತ್ತು, ಅದರಲ್ಲಿ ಇವರಿಗೆ ಜಾಗವಿರಲಿಲ್ಲ.

"ಯಾಕ್ರೀ, ಹೀಗೆ ನೋಡ್ತೀರಿ?"

"ಏನಿಲ್ಲ. ಟೆಸ್ಟ್ ಮಾಡ್ತಿದ್ದೆ" ಎಂದರು.

ಅವಳು ಒಳಗೆ ಹೋದ ಮೇಲೆ ಟವೆಲ್ಲಿನ ತುದಿಯನ್ನು ಸುರುಳಿ ಮಾಡಿ ಕಿವಿಯೊಳಗೆ ತಿರುಗಿಸಿದರು. ಮೂಗು ಹಿಡಿದು ಉಸಿರು ಒತ್ತಿದರು. ಗೋಡೆ ಗಡಿಯಾರದ ಕೆಳಗೆ ಸ್ಟೂಲು ಹಾಕಿ ಹತ್ತಿ ಕಿವಿಯನ್ನು ಅದಕ್ಕೆ ಆನಿಸಿದರು. ಸೆಕೆಂಡಿನ ಮುಳ್ಳು ಹಾರಿ ಹಾರಿ ಹೋಗುತ್ತಿತ್ತು, ಸದ್ದು ಮಾತ್ರ ಬರಲಿಲ್ಲ. ಒಲೆಯ ಮೇಲೆ ಕುಕ್ಕರಿನ ಹಬೆ ಚಿಮ್ಮಿತು, ಸೀಟಿ ಪಕ್ಕದ ಬೀದಿಯಲ್ಲಿ ಯಾರದೋ ಮನೆಯಲ್ಲಿ ಹೊಡೆದ ಹಾಗಿತ್ತು. ದಪ್ಪನೆಯ ಸದ್ದುಗಳೆಲ್ಲ ಇದ್ದಲ್ಲೇ ಇದ್ದವು, ಬಸ್ಸು, ಬಾಗಿಲು, ಜನರ ಮಾತು, ಮೆಷಿನ್ನಿನ ಗಡಗಡ. ತೆಳ್ಳನೆಯವು ಮಾತ್ರ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿದ್ದವು. ಎಂಜಿನ್ನಿನ ಕಾಯಿಲೆಯೆಲ್ಲ ತೊಡಗುವುದು ತೆಳ್ಳನೆಯ ಸದ್ದಿನಲ್ಲಿ. ದಪ್ಪನೆಯ ಸದ್ದು ಬರುವ ಹೊತ್ತಿಗೆ ಯಾರಾದರೂ ಬಿದ್ದಿರುತ್ತಾರೆ.

ಸ್ಟೂಲಿನ ಮೇಲೆ ನಿಂತಿದ್ದಾಗಲೇ ಅವರಿಗೆ ಆ ಯೋಚನೆ ಬಂದದ್ದು. ಈ ಮೂರು ತಿಂಗಳಲ್ಲಿ ತಾನು ಎಷ್ಟು ಟ್ಯಾಂಕಿನ ಮೇಲೆ ಕಿವಿ ಬರೆದೆ? ಬಿದ್ದೇಬಿಡುತ್ತೇನೆ ಎನಿಸಿ ಗೋಡೆ ಹಿಡಿದು ಇಳಿದರು. ನೋಟ್‌ಬುಕ್ ತೆಗೆದರು. ಹದಿನಾಲ್ಕು ಗಾಡಿ ಹೋಗಿದ್ದವು. ಹದಿನಾಲ್ಕರ ಮುಂದೂ ಬಹುತೇಕ ಒಂದೇ ಮಾತು, 'ನಿಶ್ಶಬ್ದ, ಬೆಣ್ಣೆಯ ಹಾಗೆ.' ಇತ್ತೀಚೆಗೆ ಎಷ್ಟು ಒಳ್ಳೊಳ್ಳೆ ಗಾಡಿಗಳು ಬರುತ್ತಿವೆ ಎಂದು ಎರಡು ವಾರದ ಹಿಂದೆ ಅಂಗಡಿಯ ಯಜಮಾನನ ಹತ್ತಿರ ಸಂತೋಷಪಟ್ಟಿದ್ದರು ಬೇರೆ!

ಒಂಬತ್ತನೆಯ ಸಾಲಿನ ಮೇಲೆ ಬೆರಳು ನಿಂತಿತು. ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯುವ ನರ್ಸಮ್ಮ. ಐದು ವಾರದ ಹಿಂದೆ ಬಂದಿದ್ದಳು. ನಲವತ್ತು ದಾಟಿದ ಮೇಲೆ ಗಾಡಿ ಕಲಿತ ಹೆಂಗಸು, ಹೆದರಿ ಹೆದರಿ ಅಂಗಡಿಯ ಮುಂದೆ ಒಂದು ಸುತ್ತು ಹೋಗಿ ಬಂದಿದ್ದಳು. ಇಳಿದು ಹೇಳಿದ್ದಳು, "ಮೇಷ್ಟ್ರೇ, ಮುಂದಿನ ಚಕ್ರದಲ್ಲಿ ಏನೋ ಸಣ್ಣಗೆ ಕಿರ್ ಅಂತಿದೆ ಅಲ್ವಾ?"

ಮೇಷ್ಟ್ರು ಬಗ್ಗಿ, ಚಕ್ರ ತಿರುಗಿಸಿ, ಸ್ಕ್ರೂ ಡ್ರೈವರ್ ಇಟ್ಟು, ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕೇಳಿದ್ದರು. ಏನೂ ಇರಲಿಲ್ಲ. ನಾಲ್ಕು ಜನ ಗಿರಾಕಿಗಳು ನೋಡುತ್ತಿದ್ದರು. ಗಾಡಿ ಹಿಡಿದು ಮೂರು ತಿಂಗಳಾಗದವಳಿಗೆ ಕೇಳಿದ್ದು ಕಿವಿ ಮೇಷ್ಟ್ರಿಗೆ ಕೇಳಲಿಲ್ಲ ಎಂದು ಹೇಳುವುದು ಹೇಗೆ? "ಹೊಸ ಬ್ರೇಕ್ ಶೂ ಸಿಸ್ಟರ್, ಉಜ್ಜಿ ಉಜ್ಜಿ ತಾನೇ ಸರಿಹೋಗುತ್ತೆ" ಎಂದುಬಿಟ್ಟರು. ಬ್ರೇಕ್ ಶೂ ಹೊಸದೋ ಹಳೆಯದೋ ಅವರು ನೋಡಿಯೇ ಇರಲಿಲ್ಲ.

ಮುಂದಿನ ಚಕ್ರದ ಬೇರಿಂಗ್. ಒಣಗಿದರೆ ಮೊದಲು ಕಿರ್ ಎನ್ನುತ್ತದೆ. ಆಮೇಲೆ ಸವೆಯುತ್ತದೆ, ಚಕ್ರ ಅಲ್ಲಾಡುತ್ತದೆ. ಒಂದು ದಿನ ಓಡುತ್ತಿದ್ದ ಹಾಗೇ ಗಪ್ಪೆಂದು ಹಿಡಿದುಕೊಳ್ಳುತ್ತದೆ. ಹಿಂದಿನ ಚಕ್ರ ಹಿಡಿದರೆ ಗಾಡಿ ಜಾರುತ್ತದೆ. ಮುಂದಿನದು ಹಿಡಿದರೆ ಓಡಿಸುವವರು ಹ್ಯಾಂಡಲಿನ ಮೇಲಿಂದ ಹಾರಿಹೋಗುತ್ತಾರೆ. ಮೇಷ್ಟ್ರಿಗೆ ಇದೆಲ್ಲ ಬಾಯಿಪಾಠ.

ಅವಳ ನಂಬರು ಒತ್ತಿದರು. ಫೋನು ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಮಾಡಿದರು. ಎತ್ತಲಿಲ್ಲ. 'ಗಾಡಿ ಓಡಿಸೋವಾಗ ಯಾರು ಫೋನ್ ಮಾಡಿದ್ರೂ ಎತ್ಬೇಡಿ, ಯಮ ಮಾಡಿದ್ರೂ ಸರಿ' ಎಂದು ಅವಳಿಗೆ ಬುದ್ಧಿ ಹೇಳಿ ಕಳಿಸಿದ್ದವರು ಇವರೇ. ಅವಳು ಕೆಲಸ ಮಾಡುವ ಲ್ಯಾಬಿಗೆ ಮಾಡಿದರು. ಅಲ್ಲಿಯ ಹುಡುಗಿ, ಸಿಸ್ಟರ್ ಇವತ್ತು ಗುಡ್ಡದ ಮೇಲಿನ ಕಾಲೊನಿಗೆ ಹೋಗಿದ್ದಾರೆ, ಹನ್ನೆರಡೂವರೆಗೆ ವಾಪಸ್ಸು ಎಂದಳು. ಗುಡ್ಡದ ರಸ್ತೆ! ಹನ್ನೊಂದು ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ. ಮೇಷ್ಟ್ರು ತಮ್ಮ ಜನ್ಮದಲ್ಲಿ ಆ ರಸ್ತೆಗೆ ಗಾಡಿ ಹತ್ತಿಸಿದವರಲ್ಲ.

ಯಾಕೋ ಯಜಮಾನನಿಗೂ ಒಂದು ಮಾತು ಹೇಳಬೇಕೆನಿಸಿತು. ಫೋನ್ ಮಾಡಿದರು, ಪೂರ್ತಿ ಹೇಳುವ ಧೈರ್ಯ ಬರಲಿಲ್ಲ. "ಮಾರಿದ ಗಾಡಿಗಳಲ್ಲಿ ಕೆಲವನ್ನ ವಾಪಸ್ ಕರೆದು ಇನ್ನೊಂದ್ಸಲ ನೋಡ್ಬೇಕಾಗಿತ್ತು" ಎಂದರು.

ಯಜಮಾನ ನಕ್ಕ. "ಮೇಷ್ಟ್ರೇ, ಬಿಸಿಲೇನಾದ್ರೂ ತಲೆಗೆ ಹತ್ತಿದೆಯಾ? ಕರೆದು ನೋಡಿದ್ರೆ ಮೊದಲು ಸರಿಯಾಗಿ ನೋಡಿರ್ಲಿಲ್ಲ ಅಂತಾಗುತ್ತೆ. ಆಮೇಲೆ ನಿಮ್ಮ ಕಿವೀನ ಯಾರು ನಂಬ್ತಾರೆ? ನಾನು ನಿಮ್ಮನ್ನ ಇಟ್ಕೊಂಡಿರೋದೇ ಆ ಕಿವಿಗೋಸ್ಕರ ಅಲ್ವಾ."

ಪ್ರೀತಿಯಿಂದಲೇ ಹೇಳಿದ ಮಾತು. ಐವತ್ತೆರಡಕ್ಕೆ ಇನ್ನಾವ ಕೆಲಸ ಗೊತ್ತು ತನಗೆ? ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಐದಾರು ವರ್ಷ ತಳ್ಳಬಹುದೇನೋ. ಹೇಳಿಬಿಟ್ಟರೆ ನಾಳೆಯಿಂದಲೇ ಮನೆ. ಒಂದು ನಿಮಿಷ, ನಿಜಕ್ಕೂ ಒಂದು ನಿಮಿಷ, ಅವರು ಫೋನು ಹಿಡಿದು ಸುಮ್ಮನೆ ಕೂತರು. ಅವಳು ಐದು ವಾರ ಓಡಿಸಿದ್ದಾಳೆ, ಏನಾಗಿದೆ? ಏನೂ ಆಗಲಿಕ್ಕಿಲ್ಲ. ಹೀಗೆಂದುಕೊಂಡ ಮರುಗಳಿಗೆಯೇ, ಆ ಮೊಣಕಾಲೆತ್ತರದ ಕಟ್ಟೆ ಕಣ್ಣ ಮುಂದೆ ಬಂದು ನಿಂತಿತು. ಎದ್ದರು.

"ಇವಳೇ," ಎಂದು ಕೂಗಿದರು, "ಚಪ್ಪಲಿ ಹಾಕ್ಕೋ. ನೀನೂ ಬಾ."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಿದಳು. ಕರೆದರೂ ಎಲ್ಲಿಗೂ ಕರೆದುಕೊಂಡು ಹೋಗದ ಗಂಡ ತಾನಾಗಿ ಕರೆಯುತ್ತಿದ್ದಾನೆ! "ಎಲ್ಲಿಗೆ?"

"ಗುಡ್ಡದ ಮೇಲಕ್ಕೆ."

"ನೀವಾ?" ಎಂದಳು. ಗಂಡನ ಮುಖ ನೋಡಿ ಮುಂದೆ ತಮಾಷೆ ಮಾಡಲಿಲ್ಲ. ಹದಿನಾಲ್ಕು ವಿಳಾಸಗಳಿದ್ದ ಹಾಳೆಗಳನ್ನು ಹರಿದು ಅವಳ ಕೈಗೆ ಕೊಟ್ಟರು. ಹತ್ತುವಾಗ ಮೇಷ್ಟ್ರು ಮುಂದೆ ನೋಡಿಕೊಂಡೇ ಹೇಳಿದರು, "ಹಿಂದಿಂದ ಯಾವುದಾದ್ರೂ ಗಾಡಿ ಹಾರ್ನ್ ಹೊಡೆದ್ರೆ ನನ್ನ ಭುಜ ತಟ್ಟು." ಯಾಕೆ ಎಂದು ಅವಳು ಕೇಳಲಿಲ್ಲ. ಕೇಳದೆ ಇದ್ದದ್ದು ಅವರಿಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು. ಎಷ್ಟು ದಿನದಿಂದ ಗೊತ್ತು ಇವಳಿಗೆ?

ದಾರಿಯುದ್ದಕ್ಕೂ ಭುಜದ ಮೇಲೆ ಕೈ ಬೀಳುತ್ತಲೇ ಇತ್ತು. ತಟ್ಟಿದ ಮರುಕ್ಷಣ ಒಂದು ಸ್ಕೂಟರೋ ಕಾರೋ ಪಕ್ಕದಿಂದ ನುಗ್ಗಿ ಹೋಗುತ್ತಿತ್ತು. ಇಷ್ಟು ದಿನ ತನ್ನ ಹಿಂದೆ ಇಷ್ಟೊಂದು ಗಾಡಿಗಳು ಕೂಗಿಕೊಂಡು ಬರುತ್ತಿದ್ದವೇ? ತಾನು ರಸ್ತೆ ಖಾಲಿಯಿದೆ ಎಂದುಕೊಂಡು ಹಾಯಾಗಿ ನಡುವೆ ಹೋಗುತ್ತಿದ್ದೆನೇ? ನಲವತ್ತರ ಮುಳ್ಳು ಐವತ್ತು ದಾಟಿತ್ತು. ಅಂಗೈ ಬೆವರಿ ಹ್ಯಾಂಡಲ್ ಜಾರುತ್ತಿತ್ತು. ಪ್ಯಾಂಟಿಗೆ ಒಂದೊಂದೇ ಕೈ ಒರೆಸಿಕೊಳ್ಳುತ್ತ ಗುಡ್ಡ ಹತ್ತಿದರು.

ಮೊದಲ ತಿರುವಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಕಟ್ಟೆಯ ಬಳಿ ಏನೋ ಕೆಂಪಗೆ ಬಿದ್ದಿತ್ತು. ನರ್ಸಮ್ಮನ ಗಾಡಿ ಕೆಂಪು. ಹತ್ತಿರ ಹೋದರೆ ಯಾರೋ ಎಸೆದ ಪ್ಲಾಸ್ಟಿಕ್ ಬಕೆಟ್ಟು. ಐದನೆಯ ತಿರುವಿನಲ್ಲಿ ಜನ ಗುಂಪುಗಟ್ಟಿ ಕಟ್ಟೆಯಿಂದ ಕೆಳಗೆ ಬಗ್ಗಿ ನೋಡುತ್ತಿದ್ದರು. ಮೇಷ್ಟ್ರು ಬ್ರೇಕು ಹಿಡಿದರು, ಇಳಿಯಲು ಕಾಲು ಬರಲಿಲ್ಲ. "ನೀನು ನೋಡು" ಎಂದು ಹೆಂಡತಿಗೆ ಸನ್ನೆ ಮಾಡಿ ಕಣ್ಣು ಮುಚ್ಚಿಕೊಂಡರು.

ಅವಳು ಹೋಗಿ, ಬಗ್ಗಿ ನೋಡಿ, ವಾಪಸ್ಸು ಬಂದಳು. ಅವಳು ಬರುವಷ್ಟರಲ್ಲಿ ಮೇಷ್ಟ್ರು ಪೊಲೀಸ್ ಠಾಣೆಯನ್ನೂ ಆಸ್ಪತ್ರೆಯ ಬಾಗಿಲನ್ನೂ ನರ್ಸಮ್ಮನ ಮನೆಯವರ ಮುಖವನ್ನೂ ನೋಡಿ ಬಂದಿದ್ದರು.

"ಟೆಂಪೋ ಮೇಲಿಂದ ಈರುಳ್ಳಿ ಮೂಟೆ ಬಿದ್ದಿದೆಯಂತೆ" ಎಂದಳು. "ಯಾರನ್ನ ಹುಡುಕ್ತಿದ್ದೀರಿ ನೀವು?"

ಮೇಷ್ಟ್ರಿಗೆ ಅಳು ಬಂದಂತಾಯಿತು. ಕಿಕ್ ಹೊಡೆದರು.

ಗುಡ್ಡದ ತುದಿಯಲ್ಲಿ ಕಾಲೊನಿಯ ಮೊದಲ ಸಾಲು ಮನೆ. ಮೂರನೆಯ ಗೇಟಿನ ಮುಂದೆ ಕೆಂಪು ಗಾಡಿ ನಿಂತಿತ್ತು, ನೆಟ್ಟಗೆ, ಏನೂ ಆಗದ ಹಾಗೆ. ನರ್ಸಮ್ಮ ರಕ್ತದ ಶೀಶೆಗಳ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಬೆಲ್ಟಿನಿಂದ ಬಿಗಿದು, ಹೆಲ್ಮೆಟ್ ಹಾಕಿ, ಕೀ ತಿರುಗಿಸಲು ಕೈ ಹಾಕಿದ್ದಳು.

"ಮುಟ್ಬೇಡಿ!" ಎಂದು ಮೇಷ್ಟ್ರು ಕಿರುಚಿದರು. ಕಿಟಕಿಯಲ್ಲಿದ್ದ ಮುದುಕಿಯೊಬ್ಬರು ಬೆಚ್ಚಿ ಪರದೆ ಎಳೆದುಕೊಂಡರು.

"ಅಯ್ಯೋ ಮೇಷ್ಟ್ರೇ, ನೀವೇನಿಲ್ಲಿ?"

ಅವರು ಅವಳ ಗಾಡಿಯನ್ನು ನಡು ಸ್ಟ್ಯಾಂಡಿಗೆ ಎಳೆದು ನಿಲ್ಲಿಸಿದರು. ಹೆಂಡತಿಗೆ ಹಿಂದಿನ ಸೀಟು ಒತ್ತಿ ಹಿಡಿಯಲು ಹೇಳಿ, ಮುಂದಿನ ಚಕ್ರವನ್ನು ಜೋರಾಗಿ ತಿರುಗಿಸಿದರು. ಅವರಿಗೆ ಏನೂ ಕೇಳಲಿಲ್ಲ. ಹೆಂಡತಿಯ ಮುಖ ನೋಡಿದರು.

"ಏನ್ ಹಾಗೆ ಕಿರುಚುತ್ತೆ ಅದು! ಹಲ್ಲೆಲ್ಲ ಜುಮ್ ಅಂತು" ಎಂದಳು ಅವಳು.

ಮೇಷ್ಟ್ರು ಮಂಡಿಯೂರಿ ಟೈರನ್ನು ಎರಡು ಕೈಯಲ್ಲೂ ಹಿಡಿದು ಅಕ್ಕಪಕ್ಕಕ್ಕೆ ಅಲ್ಲಾಡಿಸಿದರು. ಬೀಳಲಿರುವ ಹಲ್ಲಿನ ಹಾಗೆ ಅಲ್ಲಾಡಿತು. ನಡುಭಾಗವನ್ನು ಮುಟ್ಟಿದರು, ಗಾಡಿ ನಿಂತು ಅಷ್ಟು ಹೊತ್ತಾಗಿದ್ದರೂ ಬೆರಳು ಸುಟ್ಟಿತು. ಹನ್ನೊಂದು ತಿರುವು ಇಳಿಯುವ ಚಕ್ರವಲ್ಲ ಇದು, ನಾಲ್ಕು ಇಳಿಯುವುದೂ ಸಂಶಯ. ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಅಂಗಡಿಯ ನೆಲ ಒರೆಸುವವನೂ ಮಾಡಬಹುದಾದ ಕೆಲಸ. ಕಿವಿಯ ಜಂಬದಲ್ಲಿ ಮೇಷ್ಟ್ರು ಕೈ ಹಚ್ಚುವುದನ್ನೇ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಅವರು ಏಳಲಿಲ್ಲ. ಮಂಡಿಯ ಮೇಲೆಯೇ ಕೂತು, "ಸಿಸ್ಟರ್, ಆವತ್ತಿಂದ ಸದ್ದು ನಿಂತಿರ್ಲಿಲ್ವಾ?" ಎಂದು ಕೇಳಿದರು.

"ಎಲ್ಲಿ ನಿಲ್ಲುತ್ತೆ? ಜಾಸ್ತೀನೇ ಆಯ್ತು" ಎಂದಳು ನರ್ಸಮ್ಮ. ಹೆಲ್ಮೆಟ್ ತೆಗೆದು ಸ್ವಲ್ಪ ನಾಚಿಕೆಯಿಂದ ನಕ್ಕಳು. "ನಿಮಗೆ ಹೇಳೋಕೆ ಮುಜುಗರ, ಮೇಷ್ಟ್ರೇ. ನೀವು ಅಷ್ಟು ಹೊತ್ತು ಕೇಳಿ ಏನೂ ಇಲ್ಲ ಅಂದ್ರಲ್ಲ, ಮತ್ತೆ ನನಗೆ ಮಾತ್ರ ಯಾಕೆ ಕೇಳುತ್ತೆ ಅಂತ ಭಯ ಆಯ್ತು. ನಮ್ಮ ಲ್ಯಾಬ್ ಪಕ್ಕದ ಆಸ್ಪತ್ರೇಲಿ ಕಿವಿ ಪರೀಕ್ಷೆ ಮಾಡಿಸ್ಕೊಂಡೆ. ಕಿವಿ ಚೆನ್ನಾಗಿದೆ ಅಂದ್ರು. ಹಾಗಿದ್ರೆ ತಲೇಲೇ ಏನೋ ತೊಂದರೆ ಇರ್ಬೇಕು ಅಂತ ಸುಮ್ಮನಾದೆ. ಕಿವಿಗೆ ಹತ್ತಿ ಇಟ್ಕೊಂಡು ಓಡಿಸ್ತಿದ್ದೀನಿ ಈಗ."

ಕೂದಲು ಸರಿಸಿ ತೋರಿಸಿದಳು. ಎರಡೂ ಕಿವಿಯಲ್ಲಿ ಹತ್ತಿಯ ಉಂಡೆ.

ಮೇಷ್ಟ್ರಿಗೆ ಬೆಳಗಿನಿಂದ ಆಗಿದ್ದ ಹೆದರಿಕೆಗಳೆಲ್ಲ ಇದರ ಮುಂದೆ ಏನೂ ಅಲ್ಲ ಎನಿಸಿತು. ಚೆನ್ನಾಗಿದ್ದ ಎರಡು ಕಿವಿಗಳನ್ನು ತಾನು ಒಂದೇ ಮಾತಿನಲ್ಲಿ ಮುಚ್ಚಿಸಿಬಿಟ್ಟಿದ್ದೆ. ಯಜಮಾನನ ನಗು, ನಾಳೆಯ ಕೆಲಸ, ಮನೆಯ ಖರ್ಚು ಎಲ್ಲ ಒಮ್ಮೆ ಕಣ್ಣ ಮುಂದೆ ಹಾದು ಹೋದವು. ನಾಲಿಗೆ ಮತ್ತೆ ಬ್ರೇಕ್ ಶೂ ಎನ್ನಲು ತಯಾರಾಗಿತ್ತು, ಅಷ್ಟು ಅಭ್ಯಾಸ ಅದಕ್ಕೆ.

"ಸಿಸ್ಟರ್," ಎಂದರು, "ತಲೆ ಕೆಟ್ಟಿರೋದು ನಿಮ್ದಲ್ಲ. ಕಿವಿ ಕೆಟ್ಟಿರೋದು ನಂದು. ನನಗೆ ಕೇಳಿಸಲ್ಲ. ಮೂರು ತಿಂಗಳಿಂದ ಕೇಳಿಸ್ತಿಲ್ಲ. ಆವತ್ತು ನಾನು ಸುಳ್ಳು ಹೇಳ್ದೆ. ಬೇರಿಂಗ್ ಹೋಗಿದೆ. ಕೆಳಗೆ ಇಳಿದಿದ್ರೆ..." ಹೆಂಡತಿಯ ಕಡೆ ನೋಡುವ ಧೈರ್ಯ ಆಗಲಿಲ್ಲ.

ನರ್ಸಮ್ಮ ಚಕ್ರವನ್ನು ನೋಡಿದಳು. ರಸ್ತೆ ಇಳಿದು ಹೋಗುವ ಕಡೆ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಬಯ್ಯುತ್ತಾಳೆ, ಬಯ್ಯಲಿ ಎಂದು ಮೇಷ್ಟ್ರು ತಲೆ ತಗ್ಗಿಸಿ ಕಾದರು. ಅವಳು ಬೆರಳಿನಿಂದ ಒಂದೊಂದಾಗಿ ಹತ್ತಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಪೆಟ್ಟಿಗೆಯ ಬೆಲ್ಟು ಬಿಚ್ಚಿ ಅದನ್ನು ಹೆಗಲಿಗೆ ಏರಿಸಿದಳು, ಬಸ್ಸು ಎಷ್ಟು ಹೊತ್ತಿಗೆ ಎಂದು ಕಿಟಕಿಯ ಮುದುಕಿಯನ್ನು ಕೇಳಿದಳು. ಆಮೇಲೆ ಇವರ ಕಡೆ ತಿರುಗಿದಳು.

"ಹೀಗೆ ಕೇಳಿಸದೆ ಪಾಸ್ ಮಾಡಿದ್ದು ಇನ್ನೂ ಎಷ್ಟಿದೆ?"

"ಹದಿಮೂರು."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ?" ಎಂದಳು ನರ್ಸಮ್ಮ.

ಮೇಷ್ಟ್ರು ಎದ್ದರು. ಮಂಡಿಗೆ ಹತ್ತಿದ ಮಣ್ಣನ್ನೂ ಒರೆಸಿಕೊಳ್ಳದೆ ಗಾಡಿ ಹತ್ತಿದರು. ಹೆಂಡತಿ ಹಿಂದೆ ಕೂತು, ಹಾಳೆ ಬಿಡಿಸಿ, ಬಾಯಿಯನ್ನು ಅವರ ಕಿವಿಯ ಹತ್ತಿರ ತಂದು, ಮುಂದಿನ ವಿಳಾಸವನ್ನು ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದಳು.